ಗಣಕದೊಳಗೊಂದು ಚಿತ್ತಾಕುಲ

ಮಳೆಗೂ ನೀರಿಗೂ ಸಿಮೆಂಟಿಗೂ ಸರ್ಕಾರದ ಬಳಿ ಲೆಕ್ಕವಿದೆ. ಆಪತ್ತು ಬಂದಾಗ ಜನ ಯಾವ ಕಡೆ ಹೆಜ್ಜೆ ಇಡುತ್ತಾರೆ ಎಂಬುದಕ್ಕೆ ಲೆಕ್ಕವಿಲ್ಲ. ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮೊದಲೇ ಆಡಿಸಿ ನೋಡುವ ವಿದ್ಯೆ ನಮ್ಮದೇ ಬೆಂಗಳೂರಿನಲ್ಲಿ ಬಲಿತಿದೆ. ಅದು ಕಾಳಿ ನದಿಯ ದಂಡೆಗೂ ಬರಬೇಕು.

2024ರ ಆಗಸ್ಟ್ 7ರ ನಡುರಾತ್ರಿ, ಗಂಟೆ ಒಂದರ ಸುಮಾರಿಗೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ನಾಲ್ಕು ದಶಕ ಕಾರವಾರವನ್ನೂ ಗೋವಾವನ್ನೂ ಬೆಸೆದಿದ್ದ ಸೇತುವೆ ಅದು. ಮೇಲಿದ್ದ ಲಾರಿ ಹೊಳೆಗೆ ಬಿತ್ತು. ತಮಿಳುನಾಡಿನ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಕತ್ತಲೆಯಲ್ಲೇ ದಡ ಸೇರಿಸಿದರು. ಪಕ್ಕದಲ್ಲಿ ಚತುಷ್ಪಥಕ್ಕಾಗಿ ಕಟ್ಟಿದ ಹೊಸ ಸೇತುವೆ ಇತ್ತು. ಅದನ್ನು ಪರೀಕ್ಷಿಸಿ, ಹೋಗುವ ಬರುವ ಎರಡೂ ದಿಕ್ಕಿನ ವಾಹನಗಳನ್ನು ಅದರ ಮೇಲೆಯೇ ಬಿಟ್ಟರು.

ಬೆಳಗಾದ ಮೇಲೆ ದಂಡೆಯಲ್ಲಿ ನಿಂತವರೆಲ್ಲರ ಬಾಯಲ್ಲಿ ಬಂದ ಮಾತು ಒಂದೇ: ಇದು ಹಗಲು ಹೊತ್ತಿಗೆ ಆಗಿದ್ದರೆ? ಭಾನುವಾರ, ಕಾರವಾರದ ಸಂತೆಯ ದಿನ ಆಗಿದ್ದರೆ? ಹೊಸ ಸೇತುವೆಯೂ ಇಲ್ಲದಿದ್ದರೆ?

ಚಿತ್ತಾಕುಲದವರಿಗೆ ಈ ಪ್ರಶ್ನೆ ಬರೀ ಊಹೆಯ ಆಟವಲ್ಲ. ಸದಾಶಿವಗಡವನ್ನು ಒಳಗೊಂಡ ಪಂಚಾಯಿತಿ ಇದು. ಪೋರ್ಚುಗೀಸರು 'ಸಿಂತಾಕೋರಾ' ಎಂದು ಬರೆದುಕೊಂಡಿದ್ದ ಹಳೆಯ ಬಂದರು. ಸೋದೆಯ ಅರಸ ಬಸವಲಿಂಗ ತನ್ನ ತಂದೆ ಸದಾಶಿವನ ಹೆಸರಿನಲ್ಲಿ ಕೋಟೆ ಕಟ್ಟಿಸಿದ ಮೇಲೆ ಗುಡ್ಡಕ್ಕೆ ಈಗಿನ ಹೆಸರು ಬಂತು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಸ್ಪತ್ರೆ, ಸಂತೆ, ಎಲ್ಲ ಇರುವುದು ಹೊಳೆಯ ಆಚೆ. ಕೆಲಸಕ್ಕೆಂದು ಎಷ್ಟೋ ಹುಡುಗರು ಹೋಗುವುದು ಉತ್ತರಕ್ಕೆ, ಮಾಜಾಳಿ ದಾಟಿ ಗೋವಾಕ್ಕೆ. ಸೇತುವೆ ಬರುವ ಮುಂಚೆ ತಾರಿ ದೋಣಿಯೇ ಗತಿಯಾಗಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ.

ಸೇತುವೆ ಎಷ್ಟು ಭಾರ ತಡೆದೀತು ಎಂದು ಎಂಜಿನಿಯರ್ ಲೆಕ್ಕ ಹಾಕಬಲ್ಲ. ಸೇತುವೆ ಇಲ್ಲದ ದಿನ ಊರು ಹೇಗೆ ನಡೆದುಕೊಂಡೀತು? ಹೆರಿಗೆ ನೋವು ಬಂದ ಹೆಂಗಸನ್ನು ಮನೆಯವರು ದೋಣಿ ಹತ್ತಿಸುತ್ತಾರೋ, ಅಸ್ನೋಟಿ ಸ್ಟೇಷನ್ನಿಗೆ ಓಡಿ ರೈಲು ಕಾಯುತ್ತಾರೋ, ಕಾಣಕೋಣ ಮಾರ್ಗ ಹಿಡಿದು ಗೋವಾಕ್ಕೆ ಒಯ್ಯುತ್ತಾರೋ? ಒಂದು ಮನೆಯವರು ಏನು ಮಾಡುತ್ತಾರೆ ಎಂದು ಪಕ್ಕದ ಮನೆಯವರು ಹೇಳಿಯಾರು. ಹತ್ತು ಸಾವಿರ ಮಂದಿ ಒಂದೇ ಬೆಳಿಗ್ಗೆ, ಒಬ್ಬರನ್ನೊಬ್ಬರು ನೋಡಿ ತೀರ್ಮಾನ ಬದಲಿಸುತ್ತ ಹೋದಾಗ ಏನಾಗುತ್ತದೆ ಎಂದು ಹೇಳುವುದು ಯಾರ ಅಂದಾಜಿಗೂ ನಿಲುಕದು. ಅದಕ್ಕಾಗಿಯೇ ಹುಟ್ಟಿಕೊಂಡದ್ದು ಸಮಾಜದ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ವಿದ್ಯೆ. ಸಿಮ್ಯುಲೇಶನ್ ಎಂದು ಎಲ್ಲರೂ ಕರೆಯುವುದು ಅದನ್ನೇ.

ಚೌಕಾಬಾರದ ಮಣೆಯಿಂದ ಆರಂಭ

ಇದರ ಮೂಲ ಬಹಳ ಸರಳ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಳಸಿದ್ದು ಚೌಕುಳಿ ಮಣೆ ಮತ್ತು ಎರಡು ಬಗೆಯ ಬಿಲ್ಲೆಗಳ ಲೆಕ್ಕವನ್ನಷ್ಟೇ. ನಮ್ಮ ಅಜ್ಜಿಯಂದಿರ ಚೌಕಾಬಾರದ ಮಣೆಯನ್ನು ದೊಡ್ಡದು ಮಾಡಿ, ಒಂದಷ್ಟು ಮನೆಗಳಲ್ಲಿ ಹುಣಸೆ ಬೀಜ, ಒಂದಷ್ಟರಲ್ಲಿ ಕವಡೆ ಇಟ್ಟ ಹಾಗೆ. ನಿಯಮ ಒಂದೇ: ಸುತ್ತಲಿನ ನೆರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನಂಥವರು ಇದ್ದರೆ ಬೀಜ ಇದ್ದಲ್ಲೇ ಇರುತ್ತದೆ, ಇಲ್ಲದಿದ್ದರೆ ಬೇರೆ ಖಾಲಿ ಮನೆಗೆ ಹೋಗುತ್ತದೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಆದರೂ ಆಡುತ್ತ ಆಡುತ್ತ ಹುಣಸೆ ಬೀಜಗಳೆಲ್ಲ ಒಂದು ಕೇರಿ, ಕವಡೆಗಳೆಲ್ಲ ಇನ್ನೊಂದು ಕೇರಿ ಆಗಿಬಿಡುತ್ತವೆ. ಯಾರೂ ಬಯಸದ ಫಲಿತಾಂಶ, ಎಲ್ಲರ ಸಣ್ಣ ಸಣ್ಣ ಬಯಕೆಗಳು ಸೇರಿ ಬಂದದ್ದು. ಶೆಲ್ಲಿಂಗ್ ಅವರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗ ಬೀಜದ ಬದಲು ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಮನುಷ್ಯನನ್ನು ಇಡಿ. ವಯಸ್ಸು, ಮನೆ, ಕೆಲಸದ ಜಾಗ, ಶಾಲೆ, ದಿನದ ಓಡಾಟ, ಯಾರ ಮಾತು ಕೇಳುತ್ತಾನೆ, ಯಾವಾಗ ಹೆದರುತ್ತಾನೆ, ಎಲ್ಲವನ್ನೂ ಬರೆದುಕೊಡಿ. ಅಂಥ ಗೊಂಬೆಯನ್ನು ಪರಿಣತರು 'ಏಜೆಂಟ್' ಎನ್ನುತ್ತಾರೆ. ಗೊಂಬೆಗಳನ್ನು ಬಿಟ್ಟು, ಗಡಿಯಾರ ತಿರುಗಿಸಿ, ಒಂದು ಆದೇಶ ಹೊರಡಿಸಿ ನೋಡಿ. ಆದೇಶವನ್ನು ಬದಲಿಸಿ ಮತ್ತೆ ಆಡಿಸಿ. ಸಾವಿರ ಸಲ ಆಡಿಸಿದರೂ ಯಾರ ಮನೆಯ ಒಲೆಯೂ ಆರುವುದಿಲ್ಲ. ಇದೇ ಅದರ ದೊಡ್ಡ ಉಪಕಾರ. ಸರ್ಕಾರಗಳು ಇಲ್ಲಿಯವರೆಗೆ ತಮ್ಮ ಪ್ರಯೋಗಗಳನ್ನು ನಡೆಸಿರುವುದು ಬದುಕಿರುವ ಜನರ ಮೇಲೆ.

ಕರಾವಳಿಗೆ ಅದು ಚೆನ್ನಾಗಿ ಗೊತ್ತು. ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ನಡುವಿನ ಎರಡು ದಶಕಗಳಲ್ಲಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅವರಿಗಾಗಿ ಕಟ್ಟಿದ ಕಾಲೊನಿಗಳಲ್ಲಿ ಒಂದು ಚಿತ್ತಾಕುಲದಲ್ಲೇ ಇದೆ. ಎಷ್ಟು ಎಕರೆ, ಎಷ್ಟು ಪರಿಹಾರ ಎಂಬ ಲೆಕ್ಕ ಆಗಿತ್ತು. ಕಡಲಿಗೆ ಬೆನ್ನು ಹಾಕಿ ಕೂತ ಮೀನುಗಾರ ಐದು ವರ್ಷದ ಮೇಲೆ ಯಾವ ಕೆಲಸ ಮಾಡುತ್ತಿರುತ್ತಾನೆ, ಒಂದೇ ದಕ್ಕೆಯಲ್ಲಿ ಪಾಲು ಹಂಚಿಕೊಳ್ಳುತ್ತಿದ್ದ ಮನೆಗಳು ಬೇರೆ ಬೇರೆ ಕಾಲೊನಿಗೆ ಹೋದ ಮೇಲೆ ಅವರ ಬಲೆ ಯಾರು ಎಳೆಯುತ್ತಾರೆ ಎಂಬ ಲೆಕ್ಕ ಆಗಲಿಲ್ಲ. ಆಗ ಆ ವಿದ್ಯೆ ಕೈಗೆ ಸಿಕ್ಕುವಂತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಇಂದು ಆ ಸಮಾಧಾನಕ್ಕೆ ಜಾಗವಿಲ್ಲ.

ಒಂದು ಕೋಟಿ ಇಪ್ಪತ್ತಮೂರು ಲಕ್ಷ ಗೊಂಬೆಗಳು

ಕರ್ನಾಟಕದಲ್ಲಿ ಈ ವಿದ್ಯೆ ಸಾರ್ವಜನಿಕ ತೀರ್ಮಾನದ ಬಾಗಿಲಿಗೆ ಬಂದದ್ದು 2020ರಲ್ಲಿ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಅದೇ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡವೊಂದು ಎರಡು ನಗರಗಳನ್ನು ಕಂಪ್ಯೂಟರಿನಲ್ಲಿ ಕಟ್ಟಲು ಕುಳಿತಿತು. ಐಐಎಸ್‌ಸಿಯ ರಾಜೇಶ್ ಸುಂದರೇಶನ್, ಟಾಟಾ ಸಂಸ್ಥೆಯ ಸಂದೀಪ್ ಜುನೇಜಾ ಮುಂತಾದವರು ಅದರ ಮುಂಚೂಣಿಯಲ್ಲಿದ್ದರು. ಬೆಂಗಳೂರಿಗೆ 1.23 ಕೋಟಿ ಗೊಂಬೆಗಳು, ಮುಂಬೈಗೆ 1.24 ಕೋಟಿ.

ಕಟ್ಟಿದ ಬಗೆ ನೋಡಬೇಕು. ಜನಗಣತಿಯಿಂದ ವಾರ್ಡುವಾರು ಜನಸಂಖ್ಯೆ, ಮನೆಯೊಂದರಲ್ಲಿ ಎಷ್ಟು ಜನ, ಯಾವ ವಯಸ್ಸು ಎಂಬ ಅಂಕಿ ತೆಗೆದರು. ಅದರ ಪ್ರಕಾರ ಮನೆಗಳನ್ನು ತುಂಬಿದರು. ಮಕ್ಕಳನ್ನು ಹತ್ತಿರದ ಶಾಲೆಗೆ, ದುಡಿಯುವವರನ್ನು ಕೆಲಸದ ಜಾಗಕ್ಕೆ ಹಂಚಿದರು. ಕೆಲಸಕ್ಕೆ ಜನ ಎಷ್ಟು ದೂರ ಹೋಗುತ್ತಾರೆ ಎಂಬುದಕ್ಕೂ ಅಂಕಿ ಬೇಕಾಯಿತು. ಮನೆ, ಶಾಲೆ, ಕಚೇರಿ, ಬೀದಿ, ಮುಂಬೈಗೆ ಲೋಕಲ್ ರೈಲು, ಹೀಗೆ ಸೋಂಕು ದಾಟುವ ಜಾಗಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಅದರಲ್ಲೊಂದು ತಿರುಗಣೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಆದೇಶವನ್ನು ಎಷ್ಟು ಮನೆಗಳು ಪಾಲಿಸುತ್ತವೆ ಎಂಬುದು. ಕಾಗದದ ಮೇಲಿನ ಆದೇಶ ಎಲ್ಲರಿಗೂ ಒಂದೇ. ಹತ್ತು ಅಡಿ ಚದರದ ಕೋಣೆಯಲ್ಲಿ ಆರು ಮಂದಿ ಇರುವ ಮನೆ ಅದನ್ನು ಪಾಲಿಸುವುದು ಹೇಗೆ? ಅದನ್ನು ಮಾದರಿಯೊಳಗೇ ಸೇರಿಸಿದ್ದರಿಂದ ಸಾಂದ್ರ ವಸತಿಗಳಲ್ಲಿ ಸೋಂಕು ಬೇರೆ ವೇಗದಲ್ಲಿ ಹರಡುವುದು ತೆರೆಯ ಮೇಲೆ ಕಂಡಿತು. 2020ರ ಜುಲೈನಲ್ಲಿ ಮುಂಬೈಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆದಾಗ ಕೊಳೆಗೇರಿಗಳಲ್ಲಿ ಶೇ 57 ಮಂದಿಗೆ, ಉಳಿದೆಡೆ ಶೇ 16 ಮಂದಿಗೆ ಸೋಂಕು ಬಂದುಹೋದ ಗುರುತು ಸಿಕ್ಕಿತು. ಒಂದೇ ನಗರ, ಒಂದೇ ಆದೇಶ, ಎರಡು ಲೋಕ.

ಲೋಕಲ್ ರೈಲು ಯಾವಾಗ ಬಿಡಬಹುದು, ಶಾಲೆ ಯಾವಾಗ ತೆರೆಯಬಹುದು ಎಂಬ ಪ್ರಶ್ನೆಗಳನ್ನು ಈ ಮಾದರಿಯ ಮುಂದೆ ಇಟ್ಟು ನೋಡಿದರು. ತೀರ್ಮಾನ ಮಾಡಿದ್ದು ಸರ್ಕಾರವೇ. ಮಾದರಿ ಕೊಟ್ಟದ್ದು 'ಹೀಗೆ ಮಾಡಿದರೆ ಇಷ್ಟು ಹಾಸಿಗೆ ಬೇಕಾದೀತು, ಹಾಗೆ ಮಾಡಿದರೆ ಇಷ್ಟು' ಎಂಬ ಹೋಲಿಕೆ. ಅದೂ ಕಡಿಮೆಯ ಮಾತಲ್ಲ.

ಮಾದರಿಯನ್ನು ನೆಲಕ್ಕೆ ತಾಗಿಸಿ ನೋಡುವ ಕೆಲಸವೂ ನಡೆಯಬೇಕು. ಕರ್ನಾಟಕ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಶೇ 27.3ರಷ್ಟು ಜನರಿಗೆ ಆಗಲೇ ಸೋಂಕು ತಗಲಿದೆ, ಅಥವಾ ಬಂದು ಹೋಗಿದೆ ಎಂಬ ಅಂದಾಜು ಸಿಕ್ಕಿತು. ದಿನದ ಬುಲೆಟಿನ್ನಿನ ಅಂಕಿ ನಂಬಿ ಲೆಕ್ಕ ಹಾಕಿದವರು ಎಷ್ಟು ಹಿಂದಿದ್ದರೆಂದು ಅದರಿಂದ ತಿಳಿಯಿತು. ಅಳತೆಯಿಲ್ಲದ ಮಾದರಿ ಲಂಗರಿಲ್ಲದ ದೋಣಿಯಂತೆ, ಎತ್ತ ಬೇಕಾದರೂ ತೇಲುತ್ತದೆ.

ಅದೇ ದಿನಗಳಲ್ಲಿ ಕಾರವಾರದಲ್ಲಿ ಏನು ನಡೆಯುತ್ತಿತ್ತು? ಮಾಜಾಳಿ ಗಡಿ ಮುಚ್ಚಿತ್ತು. ಗೋವಾದಲ್ಲಿ ದುಡಿಯುವವರು ಆ ಕಡೆ, ಮನೆಮಂದಿ ಈ ಕಡೆ. ಭಟ್ಕಳದ ಕೋವಿಡ್ ರೋಗಿಗಳಿಗೆ ಚಿಕಿತ್ಸೆ ನಡೆದದ್ದು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ. ಬೆಂಗಳೂರಿನ ಮಾದರಿಯೊಳಗೆ ಗಡಿಯೂ ಇರಲಿಲ್ಲ, ಮೀನಿನ ದಕ್ಕೆಯೂ ಇರಲಿಲ್ಲ, ನೌಕಾಪಡೆಯೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಅದು ಬೆಂಗಳೂರಿಗೆಂದು ಕಟ್ಟಿದ್ದು. ನಮ್ಮ ಊರಿನದನ್ನು ನಮ್ಮ ಊರಿನಿಂದಲೇ ಕಟ್ಟಬೇಕು.

ಬಿದಿರಿನ ಮುಳ್ಳು ಹೇಳಿದ ಪಾಠ

ಉತ್ತರ ಕನ್ನಡಕ್ಕೆ ಮಾದರಿಗಳು ಹೊಸತಲ್ಲ. ಹಾರ್ವರ್ಡ್‌ನಲ್ಲಿ ಪರಿಸರ ವಿಜ್ಞಾನದ ಗಣಿತ ಮಾದರಿಗಳಲ್ಲಿ ಪಳಗಿ ಬಂದ ಮಾಧವ ಗಾಡ್ಗೀಳ್ 1973ರಲ್ಲಿ ಐಐಎಸ್‌ಸಿ ಸೇರಿದರು. ಎರಡು ವರ್ಷದಲ್ಲೇ ರಾಜ್ಯ ಸರ್ಕಾರ ಅವರಿಗೆ ಬಿದಿರಿನ ಸ್ಥಿತಿ ನೋಡಿ ಹೇಳಲು ಕೇಳಿತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೋಗುತ್ತಿತ್ತು, ಕಾಡಿನಲ್ಲಿ ಬಿದಿರು ಕರಗುತ್ತಿತ್ತು. ಬಿದಿರು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಆಗಿನ ಅಧಿಕೃತ ನಂಬಿಕೆ. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನವೂ ಕಾಡುಪ್ರಾಣಿಗಳೂ ಮೇಯ್ದು ಮುಗಿಸುತ್ತವೆ, ಮತ್ತೆ ಬಿದಿರು ಏಳುವುದೆಲ್ಲಿಂದ? ಗಾಡ್ಗೀಳ್ ತಂಡ ಕಾಡಿನಲ್ಲಿ ಅಳೆದು ನೋಡಿತು. ಹಳ್ಳಿಯವರ ಮಾತೇ ನಿಜವಾಯಿತು.

ಆ ಹಳ್ಳಿಯವರನ್ನು ಯಾರೂ ಕೇಳದಿದ್ದರೆ ಎಷ್ಟೇ ಚೆಂದದ ಗಣಿತ ಮಾಡಿದ್ದರೂ ಅದರೊಳಗೆ 'ಮುಳ್ಳು ಸವರಿದರೆ ಬಿದಿರು ಹೆಚ್ಚುತ್ತದೆ' ಎಂಬ ತಪ್ಪು ನಿಯಮವೇ ಕೂತಿರುತ್ತಿತ್ತು. ಕಂಪ್ಯೂಟರ್ ತಪ್ಪನ್ನು ತಿದ್ದುವುದಿಲ್ಲ. ಕೊಟ್ಟದ್ದನ್ನು ನಿಷ್ಠೆಯಿಂದ ಕೋಟಿ ಸಲ ಗುಣಿಸುತ್ತದೆ.

ಐಐಎಸ್‌ಸಿಯದೇ ಟಿ.ವಿ. ರಾಮಚಂದ್ರ ಅವರ ತಂಡ ಮುಂದೆ ಇಡೀ ಜಿಲ್ಲೆಯನ್ನು ಚೌಕುಳಿಗಳಾಗಿ ವಿಂಗಡಿಸಿ, ಉಪಗ್ರಹ ಚಿತ್ರ ಇಟ್ಟುಕೊಂಡು, ಒಂದು ಚೌಕುಳಿ ಕಾಡಾಗಿಯೇ ಉಳಿಯುತ್ತದೋ ತೋಟವೋ ರಸ್ತೆಯೋ ಆಗುತ್ತದೋ ಎಂದು ಅದರ ನೆರೆಯ ಚೌಕುಳಿಗಳನ್ನು ನೋಡಿ ಮುನ್ನೋಟ ಹೇಳುವ ಮಾದರಿಗಳನ್ನು ಕಟ್ಟಿತು. ಆ ಅಧ್ಯಯನದ ಪ್ರಕಾರ 1973ರಲ್ಲಿ ಜಿಲ್ಲೆಯ ಶೇ 67.73 ಭಾಗದಲ್ಲಿದ್ದ ನಿತ್ಯಹರಿದ್ವರ್ಣ ಕಾಡು 2013ಕ್ಕೆ ಶೇ 32.08ಕ್ಕೆ ಇಳಿಯಿತು. ಭೂಮಿ ಬದಲಾಗುವುದನ್ನು ಅದು ತೋರಿಸುತ್ತದೆ. ಆ ಚೌಕುಳಿಯೊಳಗೆ ಕೂತು ಬೇಣವನ್ನು ತೋಟ ಮಾಡುವುದೋ ಬೇಡವೋ ಎಂದು ಯೋಚಿಸುವ ಮನುಷ್ಯನನ್ನು ಸೇರಿಸುವುದು ಮುಂದಿನ ಹೆಜ್ಜೆ.

ಕಾಳಿ ದಂಡೆಯ ಪ್ರಶ್ನೆಗಳು

ಮೊದಲನೆಯದು ನೀರು. ಸೂಪಾ, ಕೊಡಸಳ್ಳಿ, ಕದ್ರಾ: ಕಾಳಿಗೆ ಅಣೆಕಟ್ಟುಗಳ ಸಾಲೇ ಇದೆ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದವು. 2021ರ ಜುಲೈನಲ್ಲಿ ಮತ್ತೆ. ಎಷ್ಟು ಕ್ಯುಸೆಕ್ ಬಿಟ್ಟರೆ ಎಷ್ಟು ಗಂಟೆಯಲ್ಲಿ ಎಲ್ಲಿ ಎಷ್ಟು ಏರುತ್ತದೆ ಎಂದು ಹೇಳುವ ಜಲಶಾಸ್ತ್ರ ಇದೆ. ಮಳೆ ಎಷ್ಟು ಬಿತ್ತೆಂದು ಪಂಚಾಯಿತಿ ಮಟ್ಟದಲ್ಲಿ ಅಳೆಯುವ ಮಾಪಕಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಟ್ಟಿದೆ. ಇನ್ನು ಮನುಷ್ಯರ ಭಾಗ. ಸೈರನ್ ಕೂಗಿತು ಎನ್ನಿ. ಜೂಗದಲ್ಲಿ, ಅಂದರೆ ಹೊಳೆಯ ನಡುಗಡ್ಡೆಯಲ್ಲಿ ಇರುವ ಮನೆಯ ಯಜಮಾನ ತಕ್ಷಣ ಹೊರಡುತ್ತಾನೆಯೇ? ಕೊಟ್ಟಿಗೆಯಲ್ಲಿ ದನ ಇದೆ. ಅಟ್ಟದ ಮೇಲೆ ಬೀಜದ ಭತ್ತ ಇದೆ. ಹೋದ ಸಲ ಸೈರನ್ ಕೂಗಿ ನೀರು ಅಂಗಳಕ್ಕೂ ಬರಲಿಲ್ಲ, ಅದರ ಹಿಂದಿನ ಸಲ ಕೂಗುವ ಮುಂಚೆಯೇ ಮಾಡಿನವರೆಗೆ ಬಂತು. ಅವನು ಪಕ್ಕದ ಮನೆಯತ್ತ ನೋಡುತ್ತಾನೆ. ಪಕ್ಕದವನು ಇವನತ್ತ ನೋಡುತ್ತಾನೆ. ಇಬ್ಬರೂ ಅರ್ಧ ಗಂಟೆ ಕಳೆಯುತ್ತಾರೆ. ಆ ಅರ್ಧ ಗಂಟೆ ಯಾವ ಜಲಶಾಸ್ತ್ರದ ಪುಸ್ತಕದಲ್ಲೂ ಇಲ್ಲ.

ಏಜೆಂಟ್ ಮಾದರಿ ಹಿಡಿಯಬಲ್ಲದ್ದು ಆ ಅರ್ಧ ಗಂಟೆಯನ್ನು. ಮೊದಲು ಹೊರಡುವ ಹತ್ತು ಮನೆಗಳು ಯಾವುವು, ಯಾರು ಹೊರಟರೆ ಉಳಿದವರೂ ಹೊರಡುತ್ತಾರೆ, ದನಗಳಿಗೂ ಜಾಗ ಇರುವ ಕೇಂದ್ರ ತೆರೆದರೆ ಎಷ್ಟು ಬೇಗ ಊರು ಖಾಲಿಯಾಗುತ್ತದೆ, ಸೈರನ್ನಿಗಿಂತ ಕೊಂಕಣಿಯಲ್ಲಿ ಬಂದ ಫೋನ್ ಕರೆ ಹೆಚ್ಚು ಕೆಲಸ ಮಾಡುತ್ತದೆಯೇ, ಹೀಗೆ ಒಂದೊಂದನ್ನೇ ಬದಲಿಸಿ ಆಡಿಸಿ ನೋಡಬಹುದು. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ, ಸ್ಥಾವರದ ಸುತ್ತ 16 ಕಿಲೋಮೀಟರ್ ತುರ್ತು ಯೋಜನಾ ವಲಯವಿದೆ, ಅಣಕು ಕಾರ್ಯಾಚರಣೆಗಳೂ ನಡೆಯುತ್ತವೆ. ಅಣಕು ದಿನದಂದು ಜನ ಹೇಳಿದ ಹಾಗೆ ಕೇಳುತ್ತಾರೆ. ನಿಜದ ದಿನ ಮೊದಲು ಶಾಲೆಗೆ ಓಡುತ್ತಾರೆ, ಮಗುವನ್ನು ಕರೆತರಲು. ಆ ಓಟವನ್ನು ಲೆಕ್ಕಕ್ಕೆ ಸೇರಿಸದ ಯೋಜನೆಯಲ್ಲಿ ಬಸ್ಸುಗಳು ತಪ್ಪು ಜಾಗದಲ್ಲಿ ಕಾಯುತ್ತಿರುತ್ತವೆ.

ಎರಡನೆಯದು ಆಸ್ಪತ್ರೆ. 2022ರಲ್ಲಿ 'ನೋ ಹಾಸ್ಪಿಟಲ್ ನೋ ವೋಟ್' ಎಂದು ಇಡೀ ಜಿಲ್ಲೆ ಕೂಗಿತು. ಗಂಭೀರ ಕಾಯಿಲೆ ಬಂದರೆ ಕಾರವಾರದವರು ಗೋವಾದ ಬಾಂಬೋಳಿಗೆ, ದಕ್ಷಿಣದ ತಾಲ್ಲೂಕಿನವರು ಮಣಿಪಾಲ–ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಹೋಗುತ್ತಾರೆ. ಭೂಪಟದ ಮೇಲೆ ಕೈವಾರ ಇಟ್ಟು ವೃತ್ತ ಎಳೆದು ಆಸ್ಪತ್ರೆಗೆ ಜಾಗ ಹುಡುಕಿದರೆ ಘಟ್ಟ ಅಡ್ಡ ಬರುತ್ತದೆ, ಮಳೆಗಾಲ ಅಡ್ಡ ಬರುತ್ತದೆ. ಅದಕ್ಕೂ ಮಿಗಿಲಾಗಿ, ರೋಗಿಯ ಜೊತೆ ಹೋಗುವವರು ಯಾರು, ಎಷ್ಟು ದಿನದ ಕೂಲಿ ಬಿಡಬಲ್ಲರು, ಯಾವ ಊರಿನಲ್ಲಿ ಅವರಿಗೆ ನೆಂಟರಿದ್ದಾರೆ ಎಂಬುದೇ ಎಷ್ಟೋ ಸಲ ಆಸ್ಪತ್ರೆಯನ್ನು ಆರಿಸುತ್ತದೆ. ಇದನ್ನೆಲ್ಲ ಹೊತ್ತ ಗೊಂಬೆಗಳನ್ನು ಬಿಟ್ಟು, ಆಸ್ಪತ್ರೆಯನ್ನು ಕಾರವಾರದಲ್ಲಿ, ಅಂಕೋಲೆಯಲ್ಲಿ, ಕುಮಟೆಯಲ್ಲಿ, ಶಿರಸಿಯಲ್ಲಿ ಇಟ್ಟಿಟ್ಟು ನೋಡಬಹುದು. ಊರೂರಿನ ಜಗಳಕ್ಕೆ ಆಗ ಒಂದು ಸಮಾನ ನೆಲ ಸಿಗುತ್ತದೆ.

ಮೂರನೆಯದು ಕಡಲು. ನೂರಾರು ಕೈ ಸೇರಿ ಎಳೆದು, ಬಂದ ಬಂಗಡೆ–ತಾರ್ಲೆಯನ್ನು ದಡದಲ್ಲೇ ಪಾಲು ಮಾಡಿಕೊಳ್ಳುತ್ತಿದ್ದ ರಾಂಪಣಿ, 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಸೊರಗಿತು. ಯಾರೂ ರಾಂಪಣಿಯನ್ನು ಕೊಲ್ಲಬೇಕೆಂದು ಹೊರಟಿರಲಿಲ್ಲ. ಪಕ್ಕದವನು ದೋಣಿ ಕೊಂಡ, ತಾನೂ ಸಾಲ ಮಾಡಿ ಕೊಂಡ. ಎಲ್ಲರೂ ಕೊಂಡ ಮೇಲೆ ಮೀನು ದಡಕ್ಕೆ ಬರುವುದು ನಿಂತಿತು. ಶೆಲ್ಲಿಂಗ್ ಮಣೆಯ ಹುಣಸೆ ಬೀಜಗಳ ಕತೆಯೇ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 2017ರಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ನಿಷೇಧವನ್ನು ಯಾರು ಪಾಲಿಸುತ್ತಾರೆ, ಒಬ್ಬ ಮುರಿದದ್ದು ಕಂಡರೆ ಎಷ್ಟು ಮಂದಿ ಮುರಿಯುತ್ತಾರೆ, ದಂಡ ಹೆಚ್ಚಿಸಿದರೆ ಸಾಕೋ, ದಡದಿಂದ ಎಳೆಯುವ ಏಂಡಿ ಬಲೆಯವರಿಗೇ ಕಾವಲಿನ ಹಕ್ಕು ಕೊಟ್ಟರೆ ಒಳಿತೋ? ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಖಾಸಗಿ ಬಂದರಿಗೆ 2023ರಲ್ಲಿ ಒಪ್ಪಿಗೆಪತ್ರ ನೀಡಲಾಯಿತು. ಅಲ್ಲಿ ಹೂಳೆತ್ತುವ ಲೆಕ್ಕ ಇರುವಷ್ಟೇ ವಿವರವಾಗಿ, ದಡದಲ್ಲಿ ಮೀನು ಒಣಗಿಸುವ ಹೆಂಗಸರು ಮರುವರ್ಷ ಏನು ಮಾಡುತ್ತಿರುತ್ತಾರೆ ಎಂಬ ಲೆಕ್ಕವೂ ಜನರ ಮುಂದೆ ಇರಬೇಕು ಎಂಬುದು ನನ್ನ ಒತ್ತಾಯ.

ಮಾದರಿ ಎಡವಿದಾಗ

ಈ ವಿದ್ಯೆಯನ್ನು ಕಣ್ಣುಮುಚ್ಚಿ ನಂಬಿದರೆ ಕೇಡೂ ಆದೀತು. 2001ರಲ್ಲಿ ಬ್ರಿಟನ್ನಿನ ದನಕುರಿಗಳಿಗೆ ಕಾಲುಬಾಯಿ ಜ್ವರ ಬಂದಾಗ, ಮಾದರಿಗಳ ಆಧಾರದ ಮೇಲೆ, ಸೋಂಕಿದ ಫಾರ್ಮಿನ ಅಕ್ಕಪಕ್ಕದ ಫಾರ್ಮುಗಳ ಪ್ರಾಣಿಗಳನ್ನೂ ಕೊಲ್ಲಲಾಯಿತು. ಒಟ್ಟು ಸತ್ತದ್ದು 60 ಲಕ್ಷಕ್ಕೂ ಹೆಚ್ಚು. ಆರೋಗ್ಯವಾಗಿದ್ದ ಹಿಂಡುಗಳನ್ನು ಅಷ್ಟೊಂದು ಕೊಲ್ಲಬೇಕಿತ್ತೇ ಎಂದು ಪಶುವೈದ್ಯರು ಅನಂತರವೂ ಕೇಳುತ್ತಲೇ ಬಂದರು.

ನಮ್ಮಲ್ಲೇ ಇನ್ನೊಂದು ಎಚ್ಚರಿಕೆ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಮಣ್ಣು ಬಿದ್ದ ಹೊಡೆತಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಒಟ್ಟು ಹನ್ನೊಂದು ಮಂದಿಯನ್ನು ಕಳೆದುಕೊಂಡೆವು. ಹೆದ್ದಾರಿಯ ಅಪಾಯ ಅಳೆಯಲು ಹೊರಟವರು ಹೆದ್ದಾರಿಯ ಬದಿಯಲ್ಲಿ ಗೆರೆ ಎಳೆದು ನಿಲ್ಲಿಸುತ್ತಾರೆ. ಉಳುವರೆ ಆ ಗೆರೆಯ ಹೊರಗೆ, ಹೊಳೆಯ ಆಚೆ. ಮಾದರಿಯ ಗಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆಚೆಯವರು ಲೆಕ್ಕಕ್ಕೇ ಇಲ್ಲವಾಗುತ್ತಾರೆ. ಆ ಗಡಿ ಎಳೆಯುವ ಕೈ ಯಾರದು ಎಂದು ಕೇಳುವ ಹಕ್ಕು ಆಚೆ ದಡದವರಿಗಿದೆ.

ಈಗ ಹೊಸದೊಂದು ಆಮಿಷ ಬಂದಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮಾತಾಡುವ ಕೃತಕ ಬುದ್ಧಿಯಿಂದ 25 ಪಾತ್ರಗಳ 'ಸ್ಮಾಲ್‌ವಿಲ್' ಎಂಬ ಊರು ಕಟ್ಟಿದರು. ಮರುವರ್ಷ 1,052 ನಿಜ ವ್ಯಕ್ತಿಗಳನ್ನು ಎರಡೆರಡು ಗಂಟೆ ಸಂದರ್ಶಿಸಿ ಅವರ ಪ್ರತಿರೂಪಗಳನ್ನು ಮಾಡಿದರು. ಅಚ್ಚರಿಯ ಕೆಲಸವೇ ಸರಿ. ಇದನ್ನು ನೋಡಿ ಮುಂದೊಂದು ದಿನ ಯಾರಾದರೂ, ಜನರನ್ನು ಕೇಳುವ ಗೋಜೇಕೆ, ಯಂತ್ರವನ್ನೇ ಕೇಳೋಣ ಎಂದಾರು. ಆ ಯಂತ್ರ ಕಲಿತದ್ದು ಬಹುಪಾಲು ಇಂಗ್ಲಿಷಿನಿಂದ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗೋವಾದ ಕೆಲಸದಲ್ಲಿ ಹಿಂದಿ ಆಡುವ ಚಿತ್ತಾಕುಲದ ಹೆಂಗಸು ಆಪತ್ತಿನಲ್ಲಿ ಏನು ಯೋಚಿಸುತ್ತಾಳೆಂದು ಅದಕ್ಕೆ ತಿಳಿದಿರಲು ದಾರಿಯೇ ಇಲ್ಲ. ಅವಳ ಹೆಸರಿನಲ್ಲಿ ಅದು ಯಾವುದೋ ಅಮೆರಿಕದ ಗೃಹಿಣಿಯ ಉತ್ತರ ಕೊಡುತ್ತದೆ. ಅವಳನ್ನೇ ಕೇಳಬೇಕು. ಅವಳು ಹೇಳಿದ್ದನ್ನು ಗುಟ್ಟಾಗಿ ಕಾಪಾಡಲೂ ಬೇಕು.

ಬಾಲಿಯ ಗುಡಿಗಳು, ಭೂತಾನಿನ ಕಾಲುವೆ

ಜನರ ಜೊತೆ ಕೂತು ಮಾಡಿದ ಮಾದರಿಗಳು ಎಂಥ ಫಲ ಕೊಟ್ಟಿವೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ಇಂಡೊನೇಷ್ಯಾದ ಬಾಲಿಯಲ್ಲಿ ಗದ್ದೆಗೆ ನೀರು ಯಾವಾಗ, ಯಾರಿಗೆ ಎಂದು ಹೇಳುತ್ತಿದ್ದುದು ನೀರಿನ ಗುಡಿಗಳು. 1970ರ ದಶಕದ ಹಸಿರುಕ್ರಾಂತಿ ಬಂದು, ಗುಡಿಯ ಪಂಚಾಂಗ ಬಿಡಿ, ವರ್ಷವಿಡೀ ನಾಟಿ ಮಾಡಿ ಎಂದಿತು. ನೀರಿಗೆ ಜಗಳ, ಗದ್ದೆಗೆ ಕೀಟ. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ 172 ನೀರಾವರಿ ಸಂಘಗಳನ್ನು ಕಂಪ್ಯೂಟರಿನಲ್ಲಿ ಇಟ್ಟು ಆಡಿಸಿದರು. ಒಂದೊಂದು ಸಂಘವೂ ಚೆನ್ನಾಗಿ ಬೆಳೆದ ನೆರೆಯವರನ್ನು ನೋಡಿ ಕಲಿಯಲಿ ಎಂದಷ್ಟೇ ನಿಯಮ. ಕೆಲವೇ ವರ್ಷಗಳ ಆಟದಲ್ಲಿ ಮೂಡಿದ ಹೊಂದಾಣಿಕೆ ನಿಜದ ಗುಡಿಗಳ ಜಾಲವನ್ನೇ ಹೋಲುತ್ತಿತ್ತು. ನೀರೂ ಕೀಟವೂ ಒಟ್ಟಿಗೆ ಹತೋಟಿಗೆ ಬರುವ ದಾರಿ ಅದೇ ಆಗಿತ್ತು. ರೈತರ ಮಾತಿಗೆ ಅಧಿಕಾರಿಗಳ ಭಾಷೆಯಲ್ಲಿ ಸಾಕ್ಷಿ ಸಿಕ್ಕಿತು.

ಭೂತಾನಿನ ಲಿಂಗ್‌ಮುಟೆಚು ಕಣಿವೆಯಲ್ಲಿ ನಾಟಿಯ ನೀರಿಗೆ ಮೇಲಿನ ಹಳ್ಳಿಗೂ ಕೆಳಗಿನ ಹಳ್ಳಿಗೂ ಹಳೆಯ ತಕರಾರು. ಅಲ್ಲಿ ರೈತರು ಮೊದಲು ಪಾತ್ರ ಹಂಚಿಕೊಂಡು ಆಟವಾಡಿದರು, ಆಮೇಲೆ ಅದೇ ಆಟವನ್ನು ಕಂಪ್ಯೂಟರಿಗೆ ಹಾಕಿದರು. ಮೇಲಿನ ಹಳ್ಳಿಯವನು ಕೆಳಗಿನವನ ಪಾತ್ರ ವಹಿಸಿದ ದಿನ, ತನ್ನ ಗದ್ದೆಗೆ ನೀರು ಬರದೆ ಕೂತಾಗ ಏನಾಗುತ್ತದೆ ಎಂದು ಕಂಡನು. ಮಾತುಕತೆ ಮುಂದೆ ಜಲಾನಯನ ಸಮಿತಿಯವರೆಗೆ ಸಾಗಿತು. ಯಕ್ಷಗಾನದ ಊರಿನವರಾದ ನಮಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಪಾತ್ರ ಹೊಕ್ಕು ಮಾತಾಡುವುದನ್ನು ನಾವು ಬೆಳಗಿನವರೆಗೆ ಕೂತು ನೋಡಿದ್ದೇವೆ.

ಚಿತ್ತಾಕುಲಕ್ಕೆ ಇಂಥದ್ದು ಬೇಕಾದರೆ ಸೂಪರ್ ಕಂಪ್ಯೂಟರ್ ಬೇಕಿಲ್ಲ. ಒಂದು ಪಂಚಾಯಿತಿಯ ಜನಸಂಖ್ಯೆಗೆ ಕಾಲೇಜಿನ ಒಂದು ಸಾಧಾರಣ ಕಂಪ್ಯೂಟರ್ ಸಾಕು, ಉಚಿತವಾಗಿ ಸಿಗುವ ತಂತ್ರಾಂಶಗಳಿವೆ. ಬೇಕಾದದ್ದು ಮನೆಮನೆಗೆ ಹೋಗಿ ಕೇಳುವ ತಾಳ್ಮೆ: ನೀರು ಬಂದಾಗ ಯಾರಿಗೆ ಮೊದಲು ಫೋನ್ ಮಾಡುತ್ತೀರಿ, ಯಾವುದನ್ನು ಬಿಟ್ಟು ಬರಲಾರಿರಿ, ಯಾರು ಹೇಳಿದರೆ ಹೊರಡುತ್ತೀರಿ. ಆಶಾ ಕಾರ್ಯಕರ್ತೆಯರಿಗೆ, ದಕ್ಕೆಯ ಮುಖ್ಯಸ್ಥರಿಗೆ, ದೋಣಿ ನಡೆಸುವ ಅಂಬಿಗರಿಗೆ ಈ ಉತ್ತರಗಳಲ್ಲಿ ಅರ್ಧ ಆಗಲೇ ಗೊತ್ತಿದೆ. ಮಾದರಿ ಸಿದ್ಧವಾದ ಮೇಲೆ ಅದನ್ನು ಮೊದಲು ನೋಡಬೇಕಾದವರೂ ಅವರೇ. ತೆರೆಯ ಮೇಲೆ ತಮ್ಮ ಊರು ತಪ್ಪು ನಡೆದರೆ, 'ನಾವು ಹೀಗೆ ಮಾಡುವುದಿಲ್ಲ' ಎಂದು ಎದ್ದು ಹೇಳಿ ನಿಯಮ ತಿದ್ದಿಸಬೇಕು. ಹಾಗೆ ತಿದ್ದಿಸಿಕೊಳ್ಳದ ಮಾದರಿಯನ್ನು ಯಾವ ಅಧಿಕಾರಿಯೂ ತೀರ್ಮಾನಕ್ಕೆ ಬಳಸಕೂಡದು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಕೊಟ್ಟ ಗ್ರಾಮಸಭೆ ಇದೆ, 'ನಮ್ಮ ಗ್ರಾಮ ನಮ್ಮ ಯೋಜನೆ'ಯ ಚೌಕಟ್ಟು ಇದೆ. ಕಾರವಾರ–ಅಂಕೋಲೆಯ ಓದುಗರೇ, ಮುಂದಿನ ಗ್ರಾಮಸಭೆಗೆ ಹೋಗಿ. ಬಂದರು, ಸೇತುವೆ, ಅಣೆಕಟ್ಟು, ಆಸ್ಪತ್ರೆ, ಯಾವ ಯೋಜನೆಯ ಕಡತ ತೆರೆದರೂ ಎದ್ದು ನಿಂತು ಕೇಳಿ: ಕಾಂಕ್ರೀಟಿನ ಲೆಕ್ಕ ತೋರಿಸಿದಿರಿ, ನಮ್ಮ ನಡಿಗೆಯ ಲೆಕ್ಕ ಎಲ್ಲಿದೆ? ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿ.